ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ ಸಿಗುವುದು ನಿಜವೇ? 1852ರಲ್ಲೇ ಲೆಕ್ಕ ಹಾಕಿದ್ದ ಲಾರ್ಡ್ ಕೆಲ್ವಿನ್ ಕಥೆ

ಚಳಿಗಾಲ ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಬಗೆಯ ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಗೀಸರ್ ತೆಗೆದುಹಾಕಿ ಹೀಟ್ ಪಂಪ್ ಹಾಕಿಸಿ, ಒಂದು ಯೂನಿಟ್ ಕರೆಂಟ್ ಕೊಟ್ಟರೆ ಮೂರು ನಾಲ್ಕು ಯೂನಿಟ್ ಬಿಸಿ ಕೊಡುತ್ತದೆ, ಬಿಲ್ ಕಾಲು ಭಾಗಕ್ಕೆ ಇಳಿಯುತ್ತದೆ ಎನ್ನುತ್ತದೆ ಅದು. ಅದರ ಕೆಳಗೇ ಇನ್ಯಾರೋ, ಇದೆಲ್ಲ ಮೋಸ, ಶಕ್ತಿಯನ್ನು ಸೃಷ್ಟಿಸಲು ಆಗುವುದಿಲ್ಲ ಎಂದು ಹೈಸ್ಕೂಲಿನಲ್ಲೇ ಓದಿಲ್ಲವೇ ಎಂದು ಕೇಳಿರುತ್ತಾರೆ. ಆಮೇಲೆ ಗ್ರೂಪಿನಲ್ಲಿ ಜಗಳ.

ನಮಗೆ ಈ ಪ್ರಶ್ನೆ ಹಲವು ಸಲ ಬಂದಿದೆ. ಚಿಕ್ಕ ಉತ್ತರ ಇಷ್ಟು: ಮೂರು ಯೂನಿಟ್ ಬಿಸಿ ಸಿಗುವುದು ನಿಜ. ಶಕ್ತಿಯನ್ನು ಸೃಷ್ಟಿಸಲು ಆಗುವುದಿಲ್ಲ ಎನ್ನುವುದೂ ನಿಜ. ಆದರೆ ಬಿಲ್ ಕಾಲು ಭಾಗಕ್ಕೆ ಇಳಿಯುತ್ತದೆ ಎನ್ನುವುದು ಮಾತ್ರ ಎಲ್ಲರ ಮನೆಗೂ ಅನ್ವಯಿಸುವ ಮಾತಲ್ಲ. ಈ ಮೂರೂ ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂದು ತಿಳಿಯಬೇಕಾದರೆ, ಕರೆಂಟೇ ಇಲ್ಲದ ಕಾಲದಲ್ಲಿ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದ ಮನುಷ್ಯನ ಕಥೆ ಕೇಳಬೇಕು. ಅವನ ಹೆಸರು ವಿಲಿಯಂ ಥಾಮ್ಸನ್. ನಮಗೆಲ್ಲ ಗೊತ್ತಿರುವುದು ಲಾರ್ಡ್ ಕೆಲ್ವಿನ್ ಎಂಬ ಹೆಸರಿನಿಂದ.

ಹತ್ತನೇ ವಯಸ್ಸಿಗೆ ವಿಶ್ವವಿದ್ಯಾಲಯ

ಥಾಮ್ಸನ್ ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ತಂದೆ ಜೇಮ್ಸ್ ಥಾಮ್ಸನ್ ಬೇಸಾಯದ ಮನೆಯಿಂದ ಬಂದು ಗಣಿತದ ಮೇಷ್ಟ್ರಾದವನು. ಹುಡುಗನಿಗೆ ಆರು ವರ್ಷವಾಗುವ ಹೊತ್ತಿಗೆ ತಾಯಿ ತೀರಿಕೊಂಡಳು. ತಂದೆಯೇ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದ. 1832ರಲ್ಲಿ ಅವನಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನ ಕೆಲಸ ಸಿಕ್ಕಿತು, ಸಂಸಾರ ಅಲ್ಲಿಗೆ ಹೋಯಿತು. ವಿಲಿಯಂ ಅದೇ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಸೇರಿದಾಗ ಅವನಿಗೆ ಹತ್ತು ವರ್ಷ. ಆ ಕಾಲದಲ್ಲಿ ಅಲ್ಲಿ ಜಾಣ ಮಕ್ಕಳನ್ನು ಬೇಗ ಸೇರಿಸಿಕೊಳ್ಳುತ್ತಿದ್ದರು. ಹಾಗಿದ್ದರೂ ಹತ್ತು ವರ್ಷ ಎಂದರೆ ನಮ್ಮ ಲೆಕ್ಕದಲ್ಲಿ ಐದನೇ ಕ್ಲಾಸು!

ಹದಿನಾರರ ಹೊತ್ತಿಗೆ ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞ ಶಾಖ ಹರಿಯುವ ಬಗೆಯ ಕುರಿತು ಬರೆದ ದಪ್ಪ ಪುಸ್ತಕವನ್ನು ಎರಡು ವಾರದಲ್ಲಿ ಓದಿ ಮುಗಿಸಿದ. ಅದೇ ಬೇಸಿಗೆಯಲ್ಲಿ ತಂದೆ ಮಕ್ಕಳನ್ನು ಜರ್ಮನ್ ಭಾಷೆ ಕಲಿಯಲೆಂದು ಜರ್ಮನಿಗೆ ಕರೆದುಕೊಂಡು ಹೋದರೆ, ಹುಡುಗ ಅಲ್ಲಿಯೂ ಫೂರಿಯೇ ಪುಸ್ತಕವನ್ನೇ ಓದುತ್ತಿದ್ದ. ಶಾಖ ಎಂದರೇನು, ಅದು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆ ಅಂದಿನಿಂದ ಅವನನ್ನು ಬಿಡಲಿಲ್ಲ.

ಆಮೇಲೆ ಕೇಂಬ್ರಿಡ್ಜ್. ಅಲ್ಲಿ ದೋಣಿ ನಡೆಸಿ ಬಹುಮಾನ ಗೆದ್ದ, ಫ್ರೆಂಚ್ ಹಾರ್ನ್ ಊದಿದ, 1845ರ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದ. 22ನೇ ವಯಸ್ಸಿಗೆ, 1846ರಲ್ಲಿ, ಗ್ಲಾಸ್ಗೋದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದ. ಆ ಕುರ್ಚಿಯಲ್ಲಿ ಕೂತವನು ಎದ್ದದ್ದು 53 ವರ್ಷದ ನಂತರ, 1899ರಲ್ಲಿ.

ಪ್ಯಾರಿಸ್‌ನಲ್ಲಿ ಸಿಗದ ಪುಸ್ತಕ

ಕೇಂಬ್ರಿಡ್ಜ್ ಮುಗಿಸಿ ಗ್ಲಾಸ್ಗೋ ಕೆಲಸ ಸಿಗುವ ಮೊದಲು ಥಾಮ್ಸನ್ ಕೆಲವು ತಿಂಗಳು ಪ್ಯಾರಿಸ್‌ನಲ್ಲಿದ್ದ. ರೆನ್ಯೋ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಹಬೆಯ ಗುಣಗಳನ್ನು ಅಳೆಯುವ ಕೆಲಸಕ್ಕೆ ಕೈಜೋಡಿಸಿದ. ಬಿಡುವಾದಾಗ ಪುಸ್ತಕದಂಗಡಿಗಳಿಗೆ ಹೋಗಿ ಒಂದು ಪುಸ್ತಕ ಕೇಳುತ್ತಿದ್ದ. ಬರೆದವನು ಸಾದಿ ಕಾರ್ನೋ. ಅದು ಅಚ್ಚಾದದ್ದು 1824ರಲ್ಲಿ, ಅಂದರೆ ಥಾಮ್ಸನ್ ಹುಟ್ಟಿದ ವರ್ಷವೇ. ಕಾರ್ನೋ 1832ರಲ್ಲಿ ಕಾಲರಾ ಬಂದು 36ನೇ ವಯಸ್ಸಿಗೆ ಸತ್ತಿದ್ದ. ಅಂಗಡಿಯವರಿಗೆ ಆ ಹೆಸರೇ ಗೊತ್ತಿರಲಿಲ್ಲ. ಅದೇ ಮನೆತನದ ಇನ್ನೊಬ್ಬನ ಪುಸ್ತಕ ತೋರಿಸುತ್ತಿದ್ದರು. ಕೊನೆಗೆ ಕ್ಲಾಪೆರಾನ್ ಎಂಬ ಎಂಜಿನಿಯರ್ ಆ ಪುಸ್ತಕದ ಬಗ್ಗೆ ಬರೆದಿದ್ದ ಲೇಖನದ ಮೂಲಕವೇ ಥಾಮ್ಸನ್ ಕಾರ್ನೋವನ್ನು ಅರಿತ. ಮೂಲ ಪುಸ್ತಕ ಕೈಗೆ ಸಿಕ್ಕಿದ್ದು ಕೆಲವು ವರ್ಷ ಬಿಟ್ಟು.

ಕಾರ್ನೋ ಹೇಳಿದ್ದು ಸರಳ. ನೀರು ಎತ್ತರದಿಂದ ತಗ್ಗಿಗೆ ಬೀಳುವಾಗ ಗಿರಣಿಯ ಚಕ್ರ ತಿರುಗುತ್ತದೆ. ಹಾಗೆಯೇ ಶಾಖ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಇಳಿಯುವಾಗ ಎಂಜಿನ್ ಓಡುತ್ತದೆ. ಎಷ್ಟು ಕೆಲಸ ಸಿಗುತ್ತದೆ ಎನ್ನುವುದು ಬಿಸಿ ಮತ್ತು ತಂಪಿನ ನಡುವಿನ ಅಂತರದ ಮೇಲೆ ನಿಂತಿದೆ. ಅವನು ಇನ್ನೂ ಒಂದು ಮಾತು ಸೇರಿಸಿದ್ದ: ಈ ಎಂಜಿನ್ನನ್ನು ಹಿಂದುಮುಂದಾಗಿ ಓಡಿಸಬಹುದು. ನಾವು ಕೆಲಸ ಕೊಟ್ಟರೆ ಶಾಖ ತಂಪಿನ ಕಡೆಯಿಂದ ಬಿಸಿಯ ಕಡೆಗೆ ಏರುತ್ತದೆ.

ಇಷ್ಟರಲ್ಲಿ ಇನ್ನೊಬ್ಬ ಬಂದ. 1847ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ವಿಜ್ಞಾನ ಸಭೆಯಲ್ಲಿ ಜೇಮ್ಸ್ ಜೂಲ್ ತನ್ನ ಪ್ರಯೋಗಗಳನ್ನು ವಿವರಿಸಿದ. ಮ್ಯಾಂಚೆಸ್ಟರ್ ಬಳಿಯ ಬಿಯರ್ ತಯಾರಿಸುವ ಮನೆತನದವನು ಅವನು. ನೀರನ್ನು ಕಡೆಗೋಲಿನಂಥ ರೆಕ್ಕೆಗಳಿಂದ ಕಡೆದರೆ ಅದು ಬಿಸಿಯಾಗುತ್ತದೆ, ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಶಾಖ ಎಂಬ ಲೆಕ್ಕ ಯಾವಾಗಲೂ ಒಂದೇ ಎಂದು ತೋರಿಸಿದ್ದ. ಸಭೆಯಲ್ಲಿ ಅವನ ಮಾತಿಗೆ ಗಂಭೀರವಾಗಿ ಕಿವಿಗೊಟ್ಟವರಲ್ಲಿ ಥಾಮ್ಸನ್ ಮುಖ್ಯ. ಅದೇ ಬೇಸಿಗೆಯಲ್ಲಿ ಆಲ್ಪ್ಸ್ ಪರ್ವತದ ದಾರಿಯಲ್ಲಿ ಇಬ್ಬರೂ ಆಕಸ್ಮಿಕವಾಗಿ ಎದುರಾದರು. ಜೂಲ್ ಹೊಸದಾಗಿ ಮದುವೆಯಾಗಿ ಹೆಂಡತಿಯೊಂದಿಗೆ ಪ್ರವಾಸ ಬಂದಿದ್ದ, ಕೈಯಲ್ಲಿ ಮಾತ್ರ ಥರ್ಮಾಮೀಟರ್ ಇತ್ತು ಎಂದು ಥಾಮ್ಸನ್ ಮುದುಕನಾದ ಮೇಲೆ ಹೇಳುತ್ತಿದ್ದ. ಈ ಥರ್ಮಾಮೀಟರಿನ ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿದೆ ಎಂದು ಇತಿಹಾಸಕಾರರ ಗುಮಾನಿ. ಇಬ್ಬರೂ ಸೇರಿ ಒಂದು ಜಲಪಾತದ ಮೇಲಿನ ಮತ್ತು ಕೆಳಗಿನ ನೀರಿನ ಉಷ್ಣತೆ ಅಳೆಯಲು ಹೊರಟರು. ನೀರು ತುಂತುರಾಗಿ ಚದುರಿಹೋಗುತ್ತಿದ್ದುದರಿಂದ ಅಳತೆ ಆಗಲಿಲ್ಲ. ನಮ್ಮ ಜೋಗದ 253 ಮೀಟರ್ ಎತ್ತರಕ್ಕೆ ಜೂಲ್‌ನ ಲೆಕ್ಕ ಹಚ್ಚಿದರೆ ನೀರು ಬಿದ್ದು ಬಿಸಿಯಾಗುವುದು ಹೆಚ್ಚೆಂದರೆ 0.6 ಡಿಗ್ರಿ. ಅಲ್ಲೂ ಆ ಥರ್ಮಾಮೀಟರಿಗೆ ಅದೇ ಗತಿಯಾಗುತ್ತಿತ್ತು.

ಥಾಮ್ಸನ್‌ಗೆ ತಲೆಬಿಸಿ ಶುರುವಾದದ್ದು ಇಲ್ಲಿಂದ. ಕಾರ್ನೋ ಪ್ರಕಾರ ಶಾಖ ಖರ್ಚಾಗುವುದಿಲ್ಲ, ನೀರಿನಂತೆ ಬರೀ ಇಳಿಯುತ್ತದೆ. ಜೂಲ್ ಪ್ರಕಾರ ಶಾಖವೇ ಕೆಲಸವಾಗಿ ಮಾರ್ಪಡುತ್ತದೆ, ಅಷ್ಟು ಶಾಖ ಕಡಿಮೆಯಾಗುತ್ತದೆ. ಇಬ್ಬರಲ್ಲಿ ಯಾರು ಸರಿ? ಸುಮಾರು ನಾಲ್ಕು ವರ್ಷ ಅವನು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಇದ್ದ. ಜರ್ಮನಿಯ ಕ್ಲಾಸಿಯಸ್ 1850ರಲ್ಲಿ ದಾರಿ ತೋರಿಸಿದ, ಥಾಮ್ಸನ್ 1851ರಲ್ಲಿ ತನ್ನದೇ ರೀತಿಯಲ್ಲಿ ಅಲ್ಲಿಗೆ ಬಂದ. ಇಬ್ಬರೂ ಸರಿ! ಬಿಸಿಯ ಕಡೆಯಿಂದ ಬಂದ ಶಾಖದಲ್ಲಿ ಒಂದು ಪಾಲು ಕೆಲಸವಾಗುತ್ತದೆ, ಉಳಿದದ್ದು ತಂಪಿನ ಕಡೆಗೆ ಹೋಗುತ್ತದೆ.

ಈ ನಡುವೆಯೇ, 1848ರಲ್ಲಿ, ಉಷ್ಣತೆಗೆ ಒಂದು ಹೊಸ ಅಳತೆಗೋಲು ಬೇಕೆಂದು ಬರೆದ. ಅದು ಇಂದಿನ ರೂಪಕ್ಕೆ ಬಂದದ್ದು 1854ರಲ್ಲಿ. ನೀರು ಮಂಜುಗಡ್ಡೆಯಾಗುವ ಬಿಂದುವನ್ನು ಸೊನ್ನೆ ಎನ್ನುವುದು ನಮ್ಮ ಅನುಕೂಲಕ್ಕೆ ಅಷ್ಟೆ. ನಿಜವಾದ ಸೊನ್ನೆ ಇರುವುದು ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಲೆಕ್ಕದಲ್ಲಿ ಮಂಜುಗಡ್ಡೆ 273 ಕೆಲ್ವಿನ್, ನಮ್ಮ ಕೋಣೆ ಸುಮಾರು 300. ಹೊರಗೆ ಕೊರೆಯುವ ಚಳಿ ಇದ್ದಾಗ ಆ ಗಾಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಉತ್ತರ ಇದೇ. ಶೂನ್ಯ ಡಿಗ್ರಿಯ ಗಾಳಿಯಲ್ಲೂ 273 ಕೆಲ್ವಿನ್ ಮಟ್ಟದ ಬಿಸಿ ಇದೆ. ಅದು ತಾನಾಗಿ ನಮ್ಮ ಮನೆಯೊಳಕ್ಕೆ ಬರುವುದಿಲ್ಲ, ಅಷ್ಟೆ. ಎತ್ತಿ ತರಬೇಕು.

1852ರ ಡಿಸೆಂಬರ್: ಬಿಸಿಗೊಂದು ಪಂಪ್‌ಸೆಟ್

1852ರ ಸೆಪ್ಟೆಂಬರ್‌ನಲ್ಲಿ ಥಾಮ್ಸನ್ ತನ್ನ ಬಾಲ್ಯದ ಪರಿಚಯದ ಮಾರ್ಗರೆಟ್ ಕ್ರಮ್ ಎಂಬಾಕೆಯನ್ನು ಮದುವೆಯಾದ. ಅದೇ ಡಿಸೆಂಬರ್‌ನಲ್ಲಿ ಗ್ಲಾಸ್ಗೋದ ಫಿಲಸಾಫಿಕಲ್ ಸೊಸೈಟಿಯ ಮುಂದೆ ಒಂದು ಪುಟ್ಟ ಪ್ರಬಂಧ ಇಟ್ಟ. ವಿಷಯ: ಗಾಳಿಯ ಹರಿವಿನಿಂದ ಕಟ್ಟಡಗಳನ್ನು ಕಡಿಮೆ ಖರ್ಚಿನಲ್ಲಿ ಬಿಸಿ ಮಾಡುವುದು ಅಥವಾ ತಂಪು ಮಾಡುವುದು.

ಆಗ ಗ್ಲಾಸ್ಗೋ ಕಲ್ಲಿದ್ದಲಿನ ಊರು. ಮನೆ ಮನೆಯಲ್ಲೂ ಅಗ್ಗಿಷ್ಟಿಕೆ. ಉರಿಸಿದ ಕಲ್ಲಿದ್ದಲಿನ ಬಿಸಿಯಲ್ಲಿ ಬಹುಪಾಲು ಚಿಮಣಿಯಿಂದ ಹೊರಗೆ ಹೋಗುತ್ತಿತ್ತು. ಅದೇ ಸಮಯಕ್ಕೆ ಸ್ಕಾಟ್ಲೆಂಡಿನ ಖಗೋಳಜ್ಞ ಪಿಯಾಝಿ ಸ್ಮೈತ್, ಗಾಳಿಯನ್ನು ಒತ್ತಿ ಹಿಗ್ಗಿಸಿ ಉಷ್ಣವಲಯದ ದೇಶಗಳ ಮನೆಗಳನ್ನು ತಂಪು ಮಾಡಬಹುದೆಂದು ಪ್ರಚಾರ ಮಾಡುತ್ತಿದ್ದ. ಥಾಮ್ಸನ್ ಎರಡನ್ನೂ ಒಂದೇ ಯಂತ್ರದಲ್ಲಿ ಕಂಡ.

ಯಂತ್ರ ಹೀಗಿದೆ. ಎರಡು ಸಿಲಿಂಡರ್, ನಡುವೆ ತೆಳು ಲೋಹದ ತೊಟ್ಟಿ. ಹೊರಗಿನ ಗಾಳಿಯನ್ನು ಮೊದಲ ಸಿಲಿಂಡರಿನಲ್ಲಿ ಹಿಗ್ಗಿಸಿದರೆ ಅದು ಹೊರಗಿನ ಚಳಿಗಿಂತಲೂ ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಗಾಳಿ ತೊಟ್ಟಿಯಲ್ಲಿ ಹಾದುಹೋಗುವಾಗ ಹೊರಗಿನಿಂದ ಬಿಸಿಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಎರಡನೇ ಸಿಲಿಂಡರಿನಲ್ಲಿ ಅದನ್ನು ಮತ್ತೆ ಒತ್ತಿದರೆ ಮೊದಲಿಗಿಂತ ಬಿಸಿಯಾಗಿ ಹೊರಬರುತ್ತದೆ. ಅದನ್ನು ಕೋಣೆಗೆ ಬಿಡುವುದು. ಬೇಸಿಗೆಯಲ್ಲಿ ಇದನ್ನೇ ತಿರುವಿದರೆ ತಂಪು. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ಗಮನಿಸಿದ್ದೀರಲ್ಲ, ಅದೇ ತತ್ವ.

ಲೆಕ್ಕ ನೋಡಿ. ಹೊರಗಿನ 10 ಡಿಗ್ರಿಯ ಗಾಳಿಯನ್ನು ಸುಮಾರು 27 ಡಿಗ್ರಿಗೆ ಏರಿಸಿ ಒಳಗೆ ಬಿಡಬೇಕು. ಯಂತ್ರದಲ್ಲಿ ಯಾವ ನಷ್ಟವೂ ಇಲ್ಲ ಎಂದುಕೊಂಡರೆ, ಅಷ್ಟು ಬಿಸಿ ಮಾಡಲು ಬೇಕಾದ ಶಾಖದ ಸುಮಾರು 35ನೇ ಒಂದು ಭಾಗದಷ್ಟು ಕೆಲಸ ಕೊಟ್ಟರೆ ಸಾಕು! ಉಳಿದ 34 ಭಾಗ ಹೊರಗಿನ ಗಾಳಿಯದು. ಆ ಕಾಲದ ಹಬೆ ಎಂಜಿನ್ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಭಾಗವನ್ನು ಕೆಲಸವಾಗಿಸಿದರೆ ಅದೇ ಹೆಚ್ಚು. ಹಾಗೆ ಹತ್ತರಲ್ಲಿ ಒಂಬತ್ತು ಪಾಲು ಕಳೆದುಕೊಂಡರೂ, ನೇರವಾಗಿ ಉರಿಸುವುದಕ್ಕಿಂತ ಮೂರೂವರೆ ಪಟ್ಟು ಬಿಸಿ ಸಿಗುತ್ತದೆ.

ನಮ್ಮೂರಿನ ಬೋರ್‌ವೆಲ್ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪಂಪ್‌ಸೆಟ್ ನೀರನ್ನು ಸೃಷ್ಟಿಸುವುದಿಲ್ಲ, ಕೆಳಗಿದ್ದ ನೀರನ್ನು ಮೇಲಕ್ಕೆತ್ತುತ್ತದೆ. ನೂರು ಅಡಿಯಲ್ಲಿ ನೀರಿದ್ದರೆ ಕರೆಂಟ್ ಕಡಿಮೆ ಸಾಕು, ಸಾವಿರ ಅಡಿಯಾದರೆ ಹೆಚ್ಚು ಬೇಕು. ಹೀಟ್ ಪಂಪ್ ಮಾಡುವುದೂ ಇದನ್ನೇ. ಹೊರಗಿನ ಉಷ್ಣತೆಗೂ ನಮಗೆ ಬೇಕಾದ ಉಷ್ಣತೆಗೂ ಇರುವ ಅಂತರವೇ ಬೋರ್‌ವೆಲ್ಲಿನ ಆಳ. ಇದೊಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಯಂತ್ರ ಕೊಳ್ಳುವ ಮಾತು ಬಂದಾಗ ಬೇಕಾಗುತ್ತದೆ.

ಫ್ರಿಜ್ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಂಪಾಗುತ್ತದೆ ಎಂಬ ಹಳೆಯ ನಂಬಿಕೆಗೂ ಇಲ್ಲೇ ಉತ್ತರವಿದೆ. ಫ್ರಿಜ್ ಒಳಗಿನ ಬಿಸಿಯನ್ನು ಎತ್ತಿ ಹಿಂದಿನ ಕೊಳವೆಗಳ ಮೂಲಕ ಅದೇ ಅಡುಗೆಮನೆಗೆ ಬಿಡುತ್ತದೆ, ಜೊತೆಗೆ ತಾನು ತಿಂದ ಕರೆಂಟಿನ ಬಿಸಿಯನ್ನೂ. ಬಾಗಿಲು ತೆರೆದಿಟ್ಟರೆ ಕೊನೆಗೆ ಕೋಣೆ ಬಿಸಿಯಾಗುತ್ತದೆ.

ಕಾಗದದಲ್ಲೇ ಉಳಿದದ್ದು ಏಕೆ?

ಇಷ್ಟು ಒಳ್ಳೆಯ ಲೆಕ್ಕ ಸಿಕ್ಕಿದ ಮೇಲೆ ಗ್ಲಾಸ್ಗೋ ಜನ ಸಾಲು ನಿಂತು ಯಂತ್ರ ಕೊಳ್ಳಬೇಕಿತ್ತು. ಕೊಳ್ಳಲಿಲ್ಲ. ಮನೆ ಬೆಚ್ಚಗಿಡಲು ಹಿತ್ತಲಲ್ಲಿ ಹಬೆ ಎಂಜಿನ್ ಇಟ್ಟು, ಅದಕ್ಕೆ ಕಲ್ಲಿದ್ದಲು ಹಾಕುವ ಆಳನ್ನೂ ಇಡಬೇಕಿತ್ತು. ಗಾಳಿ ಹೊರುವ ಬಿಸಿ ಬಹಳ ಕಡಿಮೆ, ಹಾಗಾಗಿ ಸಿಲಿಂಡರುಗಳು ದೈತ್ಯವಾಗಿರಬೇಕಿತ್ತು. ಕಲ್ಲಿದ್ದಲೋ, ಅಗ್ಗ. ಆದರೆ ಒತ್ತುವ ಉಪಾಯವನ್ನು ಕಾರ್ಖಾನೆಗಳು ಹಿಡಿದುಕೊಂಡವು. ಆಸ್ಟ್ರಿಯಾದ ಎಬೆನ್‌ಸೇ ಉಪ್ಪಿನ ಕಾರ್ಖಾನೆಯಲ್ಲಿ ಪೀಟರ್ ಫಾನ್ ರಿಟಿಂಗರ್ 1850ರ ದಶಕದಲ್ಲೇ, ಉಪ್ಪುನೀರು ಕುದಿಸಿ ಬಂದ ಹಬೆಯನ್ನು ಒತ್ತಿ ಬಿಸಿಯೇರಿಸಿ ಮತ್ತೆ ಕುದಿಸಲು ಬಳಸಿದ. 1870ರ ದಶಕದಲ್ಲಿ ಗ್ಲಾಸ್ಗೋದಲ್ಲೇ ತಯಾರಾದ ಬೆಲ್-ಕೋಲ್ಮನ್ ಯಂತ್ರ ಗಾಳಿಯಿಂದಲೇ ಹಡಗಿನ ಮಾಂಸವನ್ನು ತಂಪಾಗಿಟ್ಟಿತು. ಇಂದು ವಿಮಾನದೊಳಗೆ ನಮ್ಮ ತಲೆಯ ಮೇಲೆ ಬರುವ ತಂಪು ಗಾಳಿಗೂ ಬಹುತೇಕ ವಿಮಾನಗಳಲ್ಲಿ ಅದೇ ಗಾಳಿಯ ಚಕ್ರ.

ಥಾಮ್ಸನ್ ಮಾತ್ರ ಬೇರೆ ಕೆಲಸಕ್ಕೆ ಹೊರಳಿದ. ಮನೆಯಲ್ಲಿ ಮಾರ್ಗರೆಟ್ ಮದುವೆಯಾದ ಸ್ವಲ್ಪ ದಿನಕ್ಕೇ ಕಾಯಿಲೆ ಬಿದ್ದು, 1870ರಲ್ಲಿ ಸಾಯುವವರೆಗೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1860ರಲ್ಲಿ ಮಂಜಿನ ಮೇಲೆ ಕರ್ಲಿಂಗ್ ಆಡುವಾಗ ಬಿದ್ದು ಥಾಮ್ಸನ್‌ನ ತೊಡೆಯೆಲುಬು ಮುರಿಯಿತು, ಆಮೇಲೆ ಜೀವನವಿಡೀ ಕುಂಟಿದ. ಆದರೂ ಅಟ್ಲಾಂಟಿಕ್ ಸಾಗರದಡಿ ಟೆಲಿಗ್ರಾಫ್ ತಂತಿ ಹಾಸುವ ಹಡಗುಗಳಲ್ಲಿ ಹೋದ. 1858ರ ತಂತಿ ಮೂರ್ನಾಲ್ಕು ವಾರಗಳಲ್ಲಿ ಸತ್ತಿತು. ಕಂಪನಿಯ ಎಲೆಕ್ಟ್ರಿಷಿಯನ್ ಅದಕ್ಕೆ ಭಾರೀ ವೋಲ್ಟೇಜ್ ಹರಿಸಿದ್ದು ಒಂದು ಕಾರಣ. ಸಣ್ಣ ಕರೆಂಟು ಸಾಕು, ಅದನ್ನು ಹಿಡಿಯುವ ಸೂಕ್ಷ್ಮ ಉಪಕರಣ ಬೇಕು ಎಂಬುದು ಥಾಮ್ಸನ್ ವಾದ. ಪುಟ್ಟ ಕನ್ನಡಿ ಅಂಟಿಸಿದ ಅವನ ಗ್ಯಾಲ್ವನೋಮೀಟರ್ ಅದನ್ನೇ ಮಾಡುತ್ತಿತ್ತು. 1866ರಲ್ಲಿ ತಂತಿ ಗಟ್ಟಿಯಾಗಿ ನಿಂತಿತು, ಅವನಿಗೆ ಸರ್ ಪದವಿ ಬಂತು. ಪೇಟೆಂಟುಗಳಿಂದ ಹಣವೂ ಬಂತು. ವಿಹಾರಕ್ಕೆ ದೊಡ್ಡ ಹಾಯಿದೋಣಿ ಕೊಂಡ. 1874ರಲ್ಲಿ ಫ್ರಾನ್ಸೆಸ್ ಬ್ಲಾಂಡಿ ಎಂಬಾಕೆಯನ್ನು ಮದುವೆಯಾದ. 1881ರಲ್ಲಿ ತನ್ನ ಮನೆಗೆ ಕರೆಂಟ್ ದೀಪ ಹಾಕಿಸಿಕೊಂಡ. 1892ರಲ್ಲಿ ಬ್ರಿಟನ್ ಅವನನ್ನು ಲಾರ್ಡ್ ಮಾಡಿದಾಗ, ವಿಶ್ವವಿದ್ಯಾಲಯದ ಪಕ್ಕ ಹರಿಯುವ ಕೆಲ್ವಿನ್ ಎಂಬ ಹೊಳೆಯ ಹೆಸರನ್ನು ಇಟ್ಟುಕೊಂಡ. ಅಂದರೆ ಇಂದು ಉಷ್ಣತೆಯ ಅಂತರರಾಷ್ಟ್ರೀಯ ಮಾನಕ್ಕಿರುವುದು ಒಂದು ಹೊಳೆಯ ಹೆಸರು!

ಕೆಲ್ವಿನ್ ಹೆಸರಿನ ಸುಳ್ಳು ಫಾರ್ವರ್ಡ್

ದೊಡ್ಡ ವಿಜ್ಞಾನಿಗಳೂ ಎಷ್ಟು ದಡ್ಡರು ಎಂದು ತೋರಿಸುವ ಫಾರ್ವರ್ಡ್‌ಗಳಲ್ಲಿ ಕೆಲ್ವಿನ್ ಹೆಸರು ತಪ್ಪದೆ ಬರುತ್ತದೆ. ಭೌತಶಾಸ್ತ್ರದಲ್ಲಿ ಇನ್ನು ಹೊಸದಾಗಿ ಕಂಡುಹಿಡಿಯುವುದು ಏನೂ ಉಳಿದಿಲ್ಲ ಎಂದು 1900ರಲ್ಲಿ ಅವನು ಘೋಷಿಸಿದ ಎನ್ನುವುದು ಅದರಲ್ಲೊಂದು. ಇದಕ್ಕೆ ಆಧಾರವಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಅವನು ಹೇಳಿದ್ದು ತದ್ವಿರುದ್ಧ. ಶಾಖ ಮತ್ತು ಬೆಳಕಿನ ಸಿದ್ಧಾಂತದ ಮೇಲೆ ಎರಡು ಮೋಡ ಕವಿದಿವೆ ಎಂದು ಎರಡು ಬಿಡಿಸಲಾಗದ ಸಮಸ್ಯೆಗಳನ್ನು ತೋರಿಸಿದ್ದ. ಮುಂದೆ ಒಂದು ಮೋಡದ ಕಡೆಯಿಂದ ಸಾಪೇಕ್ಷತೆ, ಇನ್ನೊಂದರ ಕಡೆಯಿಂದ ಕ್ವಾಂಟಂ ಭೌತಶಾಸ್ತ್ರ ಬಂದವು.

ವಿಮಾನದ ವಿಷಯದಲ್ಲಿ ಮಾತ್ರ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಬಲೂನ್ ಬಿಟ್ಟು ಬೇರೆ ರೀತಿಯ ಹಾರಾಟದಲ್ಲಿ ತನಗೆ ನಂಬಿಕೆಯಿಲ್ಲ ಎಂದು ಅವನು 1896ರಲ್ಲಿ ಕಾಗದ ಬರೆದಿದ್ದ. ಅದಕ್ಕಿಂತ ದೊಡ್ಡ ತಪ್ಪು ಭೂಮಿಯ ವಯಸ್ಸಿನದು. ಕಾದ ಗುಂಡು ಆರಿದಂತೆ ಭೂಮಿ ಆರುತ್ತಿದೆ ಎಂದು ಫೂರಿಯೇ ಗಣಿತ ಹಚ್ಚಿ, 1862ರಲ್ಲಿ 2 ಕೋಟಿಯಿಂದ 40 ಕೋಟಿ ವರ್ಷ ಎಂದ, 1897ರಲ್ಲಿ ಅದನ್ನೂ 2ರಿಂದ 4 ಕೋಟಿಗೆ ಇಳಿಸಿದ. ನಿಜವಾದ ವಯಸ್ಸು ಸುಮಾರು 454 ಕೋಟಿ ವರ್ಷ. ಗಣಿತ ಸರಿ ಇತ್ತು, ಭೂಮಿಯ ಒಳಗಿನ ಬಿಸಿ ಹೇಗೆ ಮೇಲೆ ಬರುತ್ತದೆ ಎಂಬ ಊಹೆ ತಪ್ಪಾಗಿತ್ತು. ಅವನ ಹಳೆಯ ಸಹಾಯಕ ಜಾನ್ ಪೆರಿ 1895ರಲ್ಲೇ ಇದನ್ನು ಎತ್ತಿ ತೋರಿಸಿದ್ದ. ಕೆಲ್ವಿನ್ ಕೇಳಲಿಲ್ಲ. ನಯಾಗರಾ ಜಲವಿದ್ಯುತ್ ಯೋಜನೆಯಲ್ಲೂ ಎಸಿ ಕರೆಂಟ್ ಬೇಡ, ಡಿಸಿ ಇರಲಿ ಎಂದು ಹಟ ಹಿಡಿದಿದ್ದ. ಕೊನೆಗೆ ಅವನ ಹೀಟ್ ಪಂಪನ್ನು ಮನೆಗೆ ತಂದದ್ದು ಅವನು ಬೇಡವೆಂದ ಆ ಎಸಿ ಕರೆಂಟೇ.

ಮನೆಗೆ ಬಂದ ಮೇಲೆ

ಕರೆಂಟ್ ಮೋಟರ್ ಬಂತು. ಗಾಳಿಯ ಬದಲು, ಆವಿಯಾಗುವಾಗ ಬಿಸಿ ಹೀರಿ ಮತ್ತೆ ದ್ರವವಾಗುವಾಗ ಬಿಟ್ಟುಕೊಡುವ ಅನಿಲಗಳು ಬಂದವು. ಆಗ ಯಂತ್ರ ಪೆಟ್ಟಿಗೆಯಷ್ಟು ಚಿಕ್ಕದಾಯಿತು. 1920ರ ದಶಕದ ಕೊನೆಯಲ್ಲಿ ಹಾಲ್ಡೇನ್ ಎಂಬ ಎಂಜಿನಿಯರ್ ಸ್ಕಾಟ್ಲೆಂಡಿನ ತನ್ನ ಮನೆಯನ್ನು ಹೀಗೆ ಬೆಚ್ಚಗೆ ಮಾಡಿ ನೋಡಿದ. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಸಭಾ ಭವನ ಪಕ್ಕದ ಲಿಮ್ಮಾಟ್ ನದಿಯ ತಣ್ಣೀರಿನಿಂದ ಬಿಸಿ ಎತ್ತಲು ಶುರುಮಾಡಿತು. 2022ರಲ್ಲಿ ಯುಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಏರಿದಾಗ ಯುರೋಪಿನ ಸಾಮಾನ್ಯ ಜನ ಹೀಟ್ ಪಂಪ್ ಅಂಗಡಿಗೆ ನುಗ್ಗಿದರು.

ನಮ್ಮ ಮನೆಯ ಎಸಿ ಕೂಡ ಹೀಟ್ ಪಂಪೇ, ಒಂದೇ ದಿಕ್ಕಿಗೆ ಓಡುವಂಥದ್ದು. ಅದಕ್ಕೆ ಅನಿಲದ ದಾರಿ ತಿರುಗಿಸುವ ಒಂದು ವಾಲ್ವ್ ಸೇರಿಸಿದರೆ ಚಳಿಗಾಲದಲ್ಲಿ ಹೊರಗಿನ ಬಿಸಿಯನ್ನು ಒಳಗೆ ತರುತ್ತದೆ. ಅಂಗಡಿಯಲ್ಲಿ ಹಾಟ್ ಅಂಡ್ ಕೋಲ್ಡ್ ಎಸಿ ಎಂದು ಮಾರುವುದು ಇದನ್ನೇ. ಆದರೆ ಕೊಳ್ಳುವ ಮುಂಚೆ ಬಿಸಿ ಹೀಟ್ ಪಂಪಿನಿಂದಲೋ ಒಳಗಿನ ಹೀಟರ್ ಕಾಯಿಲ್‌ನಿಂದಲೋ ಎಂದು ಕೇಳಿ. ಕಾಯಿಲ್ ಆದರೆ ಒಂದು ಯೂನಿಟ್‌ಗೆ ಒಂದೇ ಯೂನಿಟ್ ಬಿಸಿ. ದೆಹಲಿಯಲ್ಲಿರುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಚಳಿಗೆ ಇದಕ್ಕೆ ದುಡ್ಡು ಹಾಕುವುದು ನಮ್ಮ ಮಟ್ಟಿಗೆ ದಂಡ, ಒಂದು ಸ್ವೆಟರ್ ಸಾಕು.

ಈಗ ಬೋರ್‌ವೆಲ್ ಆಳದ ಮಾತಿಗೆ ಬರೋಣ. ಹೊರಗೆ 5 ಡಿಗ್ರಿ, ಒಳಗೆ 20 ಡಿಗ್ರಿ ಎಂದರೆ ಕೆಲ್ವಿನ್ ಲೆಕ್ಕದ ಗರಿಷ್ಠ ಮಿತಿ 293ನ್ನು 15ರಿಂದ ಭಾಗಿಸಿದಷ್ಟು, ಅಂದರೆ ಒಂದಕ್ಕೆ ಹತ್ತೊಂಬತ್ತೂವರೆ. ನಿಜವಾದ ಯಂತ್ರಗಳು ಕೊಡುವುದು ಮೂರು ಅಥವಾ ನಾಲ್ಕು. ಈ ಅನುಪಾತವನ್ನೇ ಸಿಒಪಿ ಎನ್ನುವುದು. ಅದೇ ಹವೆಯಲ್ಲಿ 55 ಡಿಗ್ರಿ ನೀರು ಬೇಕೆಂದರೆ ಗರಿಷ್ಠ ಮಿತಿಯೇ ಆರೂವರೆಗೆ ಇಳಿಯುತ್ತದೆ. ಹಾಗಾಗಿ ಜರ್ಮನಿ, ಬ್ರಿಟನ್ ಕಡೆ ಮನೆ ಮಾಡಿರುವವರು ಮೊದಲು ಕಿಟಕಿ ಸಂದಿ ಮುಚ್ಚಿಸಿ, ಗೋಡೆ ಮತ್ತು ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿದರೆ 35 ಡಿಗ್ರಿ ನೀರಿನಲ್ಲೇ ಮನೆ ಬೆಚ್ಚಗಾದೀತು. ಆಗ ಚಿಕ್ಕ ಯಂತ್ರ ಸಾಕು, ಬಿಲ್ಲೂ ಕಡಿಮೆ. ದೊಡ್ಡ ಯಂತ್ರ ಇದ್ದಷ್ಟೂ ಒಳ್ಳೆಯದು ಎಂದು ಹೇಳುವ ಮಾರಾಟಗಾರನ ಮಾತು ಕೇಳಬೇಡಿ. ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಆಗಾಗ ನಿಂತು ಓಡಿ ಹೆಚ್ಚು ಕರೆಂಟ್ ತಿನ್ನುತ್ತದೆ.

ಇನ್ನೊಂದು ಲೆಕ್ಕ, ಥಾಮ್ಸನ್ ಹಬೆ ಎಂಜಿನ್ ಇಟ್ಟುಕೊಂಡು ಮಾಡಿದಂಥದ್ದೇ. ಬ್ರಿಟನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಗ್ಯಾಸಿನ ಸುಮಾರು ನಾಲ್ಕು ಪಟ್ಟು ಬೆಲೆ. ಗ್ಯಾಸ್ ಬಾಯ್ಲರಿನಲ್ಲಿ ಶೇ 10ರಷ್ಟು ನಷ್ಟ ಎಂದುಕೊಂಡರೆ, ಹೀಟ್ ಪಂಪಿನ ಸಿಒಪಿ ವರ್ಷವಿಡೀ 3.6 ದಾಟಿದರೆ ಮಾತ್ರ ಬಿಲ್ ಇಳಿಯುತ್ತದೆ. ಮೂರೇ ಇದ್ದರೆ ಹೊಗೆ ಕಡಿಮೆಯಾದೀತು, ಬಿಲ್ ಏರೀತು. ಕಾಯಿಲ್ ಹೀಟರಿನಿಂದ ಬದಲಾಯಿಸುವವರಿಗೆ ಈ ತೊಂದರೆಯಿಲ್ಲ, ಅವರಿಗೆ ಉಳಿತಾಯ ಖಚಿತ.

ಬೆಂಗಳೂರಿನ ಗೀಸರ್? ನಾಲ್ಕು ಜನರ ಮನೆ, ತಲೆಗೆ ಒಂದು 20 ಲೀಟರ್ ಬಕೆಟ್, 22 ಡಿಗ್ರಿಯ ನೀರು 40 ಡಿಗ್ರಿಗೆ. ದಿನಕ್ಕೆ ಸುಮಾರು 1.7 ಯೂನಿಟ್, ತಿಂಗಳಿಗೆ 50. ಸಿಒಪಿ ಮೂರಿರುವ ಹೀಟ್ ಪಂಪ್ ವಾಟರ್ ಹೀಟರ್‌ಗೆ 17. ಉಳಿಯುವುದು 33 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 231 ರೂಪಾಯಿ. ಗೀಸರಿಗಿಂತ 40,000 ರೂಪಾಯಿ ಹೆಚ್ಚು ಕೊಟ್ಟು ಕೊಂಡಿರಿ ಎಂದುಕೊಳ್ಳಿ, ಆ ದುಡ್ಡು ಮರಳಿ ಬರಲು 14 ವರ್ಷ ದಾಟುತ್ತದೆ. ಇದನ್ನೆಲ್ಲ ಫಾರ್ವರ್ಡ್ ಹೇಳುವುದಿಲ್ಲ. ಸ್ವಂತ ತಾರಸಿ ಇದ್ದವರಿಗೆ ಸೋಲಾರ್ ವಾಟರ್ ಹೀಟರೇ ಮೇಲು. ಹಾಸ್ಟೆಲ್, ಹೋಟೆಲ್, ನರ್ಸಿಂಗ್ ಹೋಮ್‌ಗಳಿಗೆ ದಿನವಿಡೀ ಬಿಸಿನೀರು ಬೇಕು. ಅವರು ಧೈರ್ಯವಾಗಿ ಹೀಟ್ ಪಂಪ್ ನೋಡಬಹುದು.

ಎಸಿ ಕೊಳ್ಳುವವರಿಗೂ ಎರಡು ಮಾತು. 1.5 ಟನ್ ಎಂದರೆ ಯಂತ್ರದ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಬಿಸಿಯನ್ನು ಎತ್ತುವ ಶಕ್ತಿಗೆ ಒಂದು ಟನ್ ಎಂದು ಹೆಸರು, ಅದು ಸುಮಾರು 3.5 ಕಿಲೋವ್ಯಾಟ್. ಚಿಕ್ಕ ಕೋಣೆಗೆ ಒಂದೇ ಟನ್ ಸಾಕಾಗಬಹುದು. ಸ್ಟಾರ್ ಚೀಟಿಯ ಮೇಲೆ ಐಎಸ್ಇಇಆರ್ ಎಂಬ ಅಂಕಿ ಇರುತ್ತದೆ, ಅದು ಹೆಚ್ಚಿದ್ದಷ್ಟೂ ಕರೆಂಟ್ ಉಳಿತಾಯ. ಎಸಿಯನ್ನು 16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂದು ಆಸೆಪಡಬೇಡಿ, ಅದು ಹೆಚ್ಚು ಹೊತ್ತು ಓಡುತ್ತದೆ ಅಷ್ಟೆ. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎಂಬುದು ಕೇಂದ್ರ ಸರ್ಕಾರದ ಬಿಇಇ ಅಂದಾಜು. 2020ರಿಂದ ನಮ್ಮ ದೇಶದಲ್ಲಿ ಹೊಸ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಬಂದಿರುವುದೂ ಇದಕ್ಕೇ.

ಲಾರ್ಡ್ ಕೆಲ್ವಿನ್ 1907ರ ಡಿಸೆಂಬರ್ 17ರಂದು, ಸ್ಕಾಟ್ಲೆಂಡಿನ ಲಾರ್ಗ್ಸ್ ಎಂಬ ಕಡಲ ತೀರದ ಊರಿನ ತನ್ನ ಮನೆಯಲ್ಲಿ ತೀರಿಕೊಂಡ. ಆಗ ಅವನಿಗೆ 83 ವರ್ಷ. ಮಕ್ಕಳಿರಲಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಸಮಾಧಿಯ ಹತ್ತಿರ ಮಣ್ಣು ಮಾಡಿದರು. ಅವನ ಹೆಸರಿನ ಕೆಲ್ವಿನ್ ಹೊಳೆ ಗ್ಲಾಸ್ಗೋದಲ್ಲಿ ಕ್ಲೈಡ್ ನದಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿ, ಹಿಂದೆ ಹಡಗು ಕಟ್ಟುತ್ತಿದ್ದ ಜಾಗದಲ್ಲಿ, ಈಗ ದೊಡ್ಡ ಹೀಟ್ ಪಂಪುಗಳು ಆ ನದಿಯ ತಣ್ಣೀರಿನಿಂದ ಬಿಸಿ ಎತ್ತಿ ಸುತ್ತಲಿನ ಕಟ್ಟಡಗಳಿಗೆ ಕೊಳವೆಯಲ್ಲಿ ಕಳಿಸುತ್ತಿವೆ.